ವಾಯುನೌಕೆ ಹಾರದಿದ್ದರೇನು?

ರಜೆಯಲ್ಲಿ ಮಕ್ಕಳು ರದ್ದಿ ಸಾಮಾನಿನಿಂದ ವಾಯುನೌಕೆ ಮಾಡುತ್ತೇವೆಂದರೆ ಬೇಡವೆನ್ನಬೇಡಿ. ಊದಿದ ಬಲೂನಿನ ಮೇಲೆ ಹಳೆಯ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಿಂದ ಮೂರು ನಾಲ್ಕು ಪದರ ಅಂಟಿಸಿ ಒಣಗಿಸಿದರೆ ಒಡಲು ಸಿದ್ಧ. ಕೆಳಗೆ ಬೆಂಕಿಪೊಟ್ಟಣದ ತೊಟ್ಟಿಲು, ಹಿಂದೆ ರಟ್ಟಿನ ಬಾಲ. ಮೂತಿಗೆ ಮೀಸೆ ಬರೆದರೂ ಸರಿಯೇ. ಬೆರಳುಗಳಿಗೆ ಇಂಥ ವ್ಯಾಯಾಮ ಟಿ.ವಿ. ಮುಂದೆ ಸಿಗದು.

ಆದರೆ ‘ಹಾರಲೇಬೇಕು’ ಎಂಬ ಹಟಕ್ಕೆ ಪೋಷಕರು ಮಣಿಯಬಾರದು. ಜಾತ್ರೆಯ ಗ್ಯಾಸ್ ಬಲೂನಿನಲ್ಲಿ ಜಲಜನಕವಿರುವುದುಂಟು. ಕಿಡಿ ತಾಗಿದರೆ ಸಾಕು. 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆಯ ಇದೇ ಅನಿಲ ಹೊತ್ತಿಕೊಂಡು 36 ಮಂದಿ ಸತ್ತರು.

ಮನೆಯಲ್ಲಿ ಇದಕ್ಕಿಂತ ಹತ್ತಿರದ ಅಪಾಯ ಒಡೆದ ಬಲೂನಿನ ಚೂರು. ತೆಳು ರಬ್ಬರು ಮಗುವಿನ ಗಂಟಲಿಗೆ ಅಂಟಿಕೊಂಡು ಉಸಿರನ್ನೇ ಮುಚ್ಚಿಬಿಡುತ್ತದೆ. ಕುರುಡಾಗಿ ಬೆರಳು ಹಾಕಿ ತಡಕಿದರೆ ಇನ್ನಷ್ಟು ಒಳಕ್ಕೆ ಹೋದೀತು. ಚೂರುಗಳನ್ನು ನೀವೇ ಆರಿಸಿ ಎಸೆಯಿರಿ. ನೌಕೆಗೆ ದೀಪ ಬೇಕೆಂದು ಹಳೆಯ ಆಟಿಕೆಯ ಗುಂಡಿ ಬ್ಯಾಟರಿಯನ್ನಂತೂ ಕೊಡಲೇಬೇಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟೀತು. ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ನೌಕೆಗೊಂದು ದಾರ ಕಟ್ಟಿ ಕಿಟಕಿಯ ಬಳಿ ತೂಗುಹಾಕಿ. ಗಾಳಿ ಬಂದಾಗ ತಾನೇ ತಿರುಗುತ್ತದೆ.