ಸಹರಿಗೆ ಬರೀ ಚಹಾ, ಜೊತೆಗೊಂದು ಸಕ್ಕರೆ ಮಾತ್ರೆ

ಕೆಲವು ವರ್ಷಗಳ ಹಿಂದಿನ ರಮಝಾನ್. ಅಸರ್ ನಮಾಝ್ ಮುಗಿಸಿ ಎದ್ದ ನನ್ನ ಅತ್ತೆಯವರ ಕೈ ನಡುಗುತ್ತಿತ್ತು. ಹಣೆ, ಕುತ್ತಿಗೆಯೆಲ್ಲ ಬೆವರು. "ಮಾಮೀ, ಏನಾಗುತ್ತಿದೆ?" ಎಂದು ಕೇಳಿದರೆ ಸಂಬಂಧವಿಲ್ಲದ ಉತ್ತರ. ಇಫ್ತಾರಿಗೆ ಇನ್ನೂ ಒಂದೂವರೆ ಗಂಟೆ ಇತ್ತು. "ಸ್ವಲ್ಪ ಮಲಗಿ, ಸರಿಹೋಗುತ್ತದೆ" ಎಂದುಬಿಟ್ಟೆ. ಅಷ್ಟರಲ್ಲಿ ಪಕ್ಕದ ಮನೆಯ ನರ್ಸ್ ಹುಡುಗಿ ಬಾರದೇ ಇದ್ದಿದ್ದರೆ ಏನಾಗುತ್ತಿತ್ತೋ, ಅಲ್ಲಾಹನೇ ಬಲ್ಲ. ಅವಳು ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 48 ಇತ್ತು.

ಮಾಮಿ ಸಹರಿಗೆ ಉಂಡಿರಲಿಲ್ಲ. ಒಂದು ಲೋಟ ಚಹಾ ಕುಡಿದು, ದಿನಾ ಬೆಳಗ್ಗೆ ನುಂಗುವ ಮಾತ್ರೆ ನುಂಗಿ ನಿಯ್ಯತ್ ಮಾಡಿದ್ದರು. ಮಾತ್ರೆ ತಪ್ಪಬಾರದೆಂದು ನೆನಪಿಸಿ ಕೊಟ್ಟವಳೂ ನಾನೇ.

ಸಹೋದರಿಯರೇ, ನಾವು 'ಸಕ್ಕರೆ ಮಾತ್ರೆ' ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಹಲವು ಬಗೆಗಳಿವೆ. ನಿಮ್ಮ ಮನೆಯ ಮಾತ್ರೆಯ ಸ್ಟ್ರಿಪ್ಪನ್ನು ತಿರುಗಿಸಿ ನೋಡಿ. ಸಣ್ಣ ಅಕ್ಷರಗಳಲ್ಲಿ ಔಷಧಿಯ ಹೆಸರಿರುತ್ತದೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಾಝೈಡ್ ಎಂದಿದ್ದರೆ ಎಚ್ಚರ. ಇವು ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸಿ ಇನ್ಸುಲಿನ್ ಹೊರಡಿಸುತ್ತವೆ. ನೀವು ಉಂಡಿರೋ ಇಲ್ಲವೋ ಎಂದು ಅವು ನೋಡುವುದಿಲ್ಲ. ನಮ್ಮಲ್ಲಿ ಬಹಳ ಮಂದಿ ನುಂಗುವುದು ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಸೇರಿದ ಮಾತ್ರೆಯನ್ನು. ಮಾಮಿಯದ್ದೂ ಅದೇ. ವಯಸ್ಸಾದವರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ ಅಪಾಯ ಇನ್ನೂ ಹೆಚ್ಚು.

ಇಂಥ ಮಾತ್ರೆಯ ಜೊತೆಗೆ ಊಟ ಇರಲೇಬೇಕು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ಎಸ್‌ಆರ್ ಎಂದು ಬರೆದಿರುವುದನ್ನು ಪುಡಿ ಮಾಡಿ ಕೊಡಬಾರದು. ಔಷಧಿ ನಿಧಾನವಾಗಿ ಕರಗಲೆಂದೇ ಅದನ್ನು ಹಾಗೆ ತಯಾರಿಸಿರುತ್ತಾರೆ. ವಾಂತಿಭೇದಿಯಾಗಿ ಊಟ ಸೇರದ ದಿನ ವೈದ್ಯರನ್ನು ಕೇಳದೆ ಎಂದಿನಂತೆ ನುಂಗಬೇಡಿ. ಗಲ್ಫಿನಿಂದ ಬಂದವರು ತಂದುಕೊಟ್ಟ ಮಾತ್ರೆ, ನಾದಿನಿಗೆ ಒಗ್ಗಿದ ಮಾತ್ರೆ, ಇವುಗಳ ತಂಟೆಯೇ ಬೇಡ. (ಹಾಗಲಕಾಯಿ ರಸವನ್ನೂ ಕುಡಿದು ಮಾತ್ರೆಯನ್ನೂ ನುಂಗಿ, ಅದನ್ನು ವೈದ್ಯರಿಂದ ಮುಚ್ಚಿಡುವವರನ್ನು ನಾನು ಬಲ್ಲೆ.)

ಉಪವಾಸ ಹಿಡಿಯುವ ಇರಾದೆಯಿದ್ದರೆ ರಮಝಾನಿಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣಬೇಕು. ದಿನಕ್ಕೊಂದು ಗ್ಲಿಮೆಪಿರೈಡ್ ನುಂಗುವವರಿಗೆ ಸಾಮಾನ್ಯವಾಗಿ ಅದನ್ನು ಇಫ್ತಾರಿನ ಹೊತ್ತಿಗೆ ಬದಲಾಯಿಸುತ್ತಾರೆ. ಎರಡು ಹೊತ್ತು ನುಂಗುವವರಿಗೆ ಸಹರಿಯ ಪ್ರಮಾಣ ತಗ್ಗಿಸುವುದುಂಟು. ಕೆಲವರಿಗೆ ಉಪವಾಸವೇ ಬೇಡ ಎನ್ನುತ್ತಾರೆ. ಇದನ್ನು ನಾವೇ ಅಂದಾಜಿನಲ್ಲಿ ಮಾಡಬಾರದು. ಉಪವಾಸಕ್ಕಾಗಿ ಮಾತ್ರೆಯನ್ನೇ ಬಿಟ್ಟುಬಿಡುವುದೂ ಸರಿಯಲ್ಲ.

ಬೆರಳು ಚುಚ್ಚಿದರೆ ಉಪವಾಸ ಮುರಿಯುತ್ತದೆಂದು ಹಲವರಿಗೆ ಭಯ. ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ, ಇಫ್ತಾರಿಗೆ ಹತ್ತೇ ನಿಮಿಷವಿದ್ದರೂ ಉಪವಾಸ ಬಿಡಬೇಕು. ಬೇರೆ ದಿನಗಳಲ್ಲಿ ಪೂರೈಸುವ ವಿನಾಯಿತಿಯನ್ನು ಅಲ್ ಬಕರ ಅಧ್ಯಾಯದಲ್ಲಿ ಅಲ್ಲಾಹನೇ ರೋಗಿಗೆ ಕೊಟ್ಟಿರುವಾಗ, ಇಲ್ಲ ಎನ್ನಲು ನಾವು ಯಾರು? ಎಂದೂ ಸಾಧ್ಯವಾಗದವರಿಗೆ ಫಿದ್ಯ ಇದೆ.

ನಡುಕ, ಬೆವರು, ಎದೆಬಡಿತ, ಅಸಂಬದ್ಧ ಮಾತು ಕಂಡರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಆಮೇಲೆ ಊಟ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು ವಿಷಯ ನನಗೆ ಅಂದು ತಿಳಿದಿರಲಿಲ್ಲ. ಈ ಮಾತ್ರೆಗಳಿಂದ ಇಳಿದ ಸಕ್ಕರೆ ಒಮ್ಮೆ ಏರಿ, ಕೆಲವು ಗಂಟೆಗಳ ಬಳಿಕ ಪುನಃ ಇಳಿಯಬಹುದು. ಸಕ್ಕರೆ ನೀರು ಕುಡಿದು ಮಾಮಿ ಚೇತರಿಸಿಕೊಂಡರೆಂದು ನಾನು ನಿಶ್ಚಿಂತೆಯಿಂದ ತರಾವೀಹಿಗೆ ನಿಂತಿದ್ದೆ. ಸಲಾಮ್ ಹೇಳಿ ತಿರುಗುವಾಗ ಅವರ ಕೈ ಮತ್ತೆ ನಡುಗುತ್ತಿತ್ತು. ಆ ರಾತ್ರಿ ಆಸ್ಪತ್ರೆಯಲ್ಲೇ ಕಳೆಯಿತು. ಮಾತ್ರೆ ಬದಲಾಯಿತು. ಉಳಿದ ಉಪವಾಸಗಳನ್ನು ಮಾಮಿ ಹಗಲು ಚಿಕ್ಕದಾಗುವ ಚಳಿಗಾಲದಲ್ಲಿ, ಡಾಕ್ಟರರನ್ನು ಕೇಳಿಯೇ, ಒಂದೊಂದಾಗಿ ಪೂರೈಸಿದರು.