ದಂಡ ಕಟ್ಟುವ ಮೊದಲು ಫೋಟೊ ನೋಡಿ

ಕಳೆದ ತಿಂಗಳು ಐಗಳಿಯ ನಮ್ಮ ಮನೆಗೆ ಅಂಚೆಯಲ್ಲಿ ಅತಿವೇಗದ ನೋಟಿಸ್ ಬಂತು. ‘ಸಾವಿರ ರೂಪಾಯಿ ತಾನೇ, ಕಟ್ಟಿಬಿಡೋಣ’ ಎಂದರು ಅಪ್ಪ. ಫೋಟೊ ದೊಡ್ಡದು ಮಾಡಿ ನೋಡಿದೆ. ಬೈಕ್ ನಮ್ಮದಲ್ಲ, ನಂಬರಿನಲ್ಲಿದ್ದ 3 ಅನ್ನು 8 ಎಂದು ಓದಲಾಗಿತ್ತು. ಆರ್‌ಸಿ, ನೋಟಿಸ್ ಪ್ರತಿ, ನಮ್ಮ ಬೈಕಿನ ಫೋಟೊ ಇಟ್ಟು ಸಂಚಾರ ಪೊಲೀಸರಿಗೆ ಅರ್ಜಿ ಕೊಟ್ಟೆವು. ಎರಡು ಸಲ ಅಲೆದ ಮೇಲೆ ದಂಡ ರದ್ದಾಯಿತು.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿದ 167ಎ ನಿಯಮ ನಮ್ಮ ಪರವಾಗಿಯೂ ಇದೆ. ಘಟನೆ ನಡೆದ 15 ದಿನದೊಳಗೆ ನೋಟಿಸ್ ಕಳುಹಿಸಬೇಕು. ನಂಬರ್ ಪ್ಲೇಟ್ ಕಾಣುವ ಫೋಟೊ, ಅಳೆದ ವೇಗ, ದಿನಾಂಕ, ಸಮಯ, ಸ್ಥಳ ಅದರಲ್ಲಿರಬೇಕು. ಕ್ಯಾಮೆರಾದ ಪ್ರಮಾಣಪತ್ರ ಪ್ರತಿವರ್ಷ ನವೀಕರಣವಾಗಬೇಕು. ಇವುಗಳಲ್ಲಿ ಕೊರತೆ ಕಂಡರೆ ಬರವಣಿಗೆಯಲ್ಲಿ ಆಕ್ಷೇಪಿಸಿ. ಒಪ್ಪದಿದ್ದರೆ ನ್ಯಾಯಾಲಯವಿದೆ. ಆದರೆ ಮೊದಲೇ ಹಣ ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ.

ನಮ್ಮ ರಾಜ್ಯದಲ್ಲಿ 2023ರಲ್ಲೂ 2025ರಲ್ಲೂ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಸಿಕ್ಕಿತು. ತಪ್ಪೇ ಮಾಡದವರು ಆ ಅರ್ಧವನ್ನಾದರೂ ಏಕೆ ಕಟ್ಟಬೇಕು?

ಫೋಟೊದಲ್ಲಿರುವುದು ನಮ್ಮದೇ ಬೈಕ್, ನಮ್ಮದೇ ವೇಗವಾದರೆ ವಾದ ಬೇಡ. ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡುವ ನಮ್ಮ ರಸ್ತೆಗಳಲ್ಲಿ ಅತಿವೇಗಕ್ಕೆ ತೆರಬೇಕಾದ ಬೆಲೆ ಸಾವಿರ ರೂಪಾಯಿಗಿಂತ ದೊಡ್ಡದು.