ಅಮೀರ್‌ಬಾಯಿ ಅತ್ತರೆ ಗೋಳು, ಸೈಗಲ್ ಅತ್ತರೆ ಕಲೆ!

ಮೊನ್ನೆ ಹಡಪಸರದಲ್ಲಿ ಗೆಳೆಯರ ಮನೆಯಲ್ಲಿ ಊಟ. ಮೊಬೈಲಿನಲ್ಲಿ ಅಮೀರ್‌ಬಾಯಿ ಕರ್ನಾಟಕಿ, 'ರತನ್' (1944) ಚಿತ್ರದ ವಿರಹಗೀತೆ. ಒಬ್ಬರು ನಿಟ್ಟುಸಿರುಬಿಟ್ಟು, "ಪಾಪ, ಗಂಡನ ಕೈಯಾಗ ಪಟ್ಟ ಕಷ್ಟನೇ ಹಾಡಾಗಿ ಬಂದದ ನೋಡ್ರಿ" ಅಂದರು. ಎಲ್ಲರೂ ಹೂಂಗುಟ್ಟಿದರು. ನನಗೆ ರೇಗಿತು.

ಅಲ್ರೀ, ನಮ್ಮ ಬೀಳಗಿಯ ಈ ಹೆಣ್ಣುಮಗಳು 'ಕಿಸ್ಮತ್'ನಲ್ಲಿ (1943) ಅನಿಲ್ ಬಿಸ್ವಾಸರ ಸಂಗೀತಕ್ಕೆ ಜೋಗುಳವನ್ನೂ ಹಾಡಿದ್ದಾರೆ, ದೇಶಭಕ್ತಿ ಗೀತೆಯನ್ನೂ ಹಾಡಿದ್ದಾರೆ. 'ನರಸಿ ಭಗತ್'ನಲ್ಲಿ (1940) ಭಜನೆ. ಅದಕ್ಕೆಲ್ಲ ಯಾವ ಗಂಡ ಕಾರಣ? ಮದುವೆ ಸುಖದ್ದಾಗಿರಲಿಲ್ಲ, ನಿಜ. ಆದರೆ ದುಃಖ ಪಟ್ಟವರೆಲ್ಲ ಹಾಗೆ ಹಾಡುತ್ತಾರೇನು? ಆ ಉಸಿರು, ಆ ಶಬ್ದ ತಿರುಗಿಸುವ ರೀತಿ, ಅದು ಕಲಿತದ್ದು ಸ್ವಾಮಿ, ದುಡಿದದ್ದು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು ನಾನು. ಆಕೆಯ ದುಡಿಮೆಯನ್ನು ಗಂಡನ ಖಾತೆಗೆ ಜಮಾ ಮಾಡಿದರೆ ನನಗೆ ತಡೆಯೋದಿಲ್ಲ.

ಸೋದರಿ ಗೋಹರಬಾಯಿಯದೂ ಇದೇ ಪಾಡು. ಬಾಲಗಂಧರ್ವರನ್ನು ಕೆಡಿಸಿದಾಕೆ ಅನ್ನೋರು ಪುಣೆಯಲ್ಲಿ ಬೇಕಾದಷ್ಟು ಜನ. ಆಕೆಯ ಹಾಡು ಕೇಳಿದವರೆಷ್ಟು?

ಇಷ್ಟು ಹೇಳುವಷ್ಟರಲ್ಲಿ ಮಾತು ಮಗರಪಟ್ಟಾ ಟ್ರಾಫಿಕ್ಕಿಗೆ ಹೊರಳಿತ್ತು. ನಾನು ಅದೇ ಹಾಡನ್ನು ಮತ್ತೊಮ್ಮೆ ಹಚ್ಚಿದೆ, ಸ್ವಲ್ಪ ಜೋರಾಗಿಯೇ.